ಎರಡು ನೆರಳಿನ ಮಂದಿ

ಬೆಟಗೇರಿಯ ನಮ್ಮ ಮಗ್ಗದಲ್ಲಿ ಹಾಸಿನ ನೂಲು ಮುಗಿಯುತ್ತ ಬಂದರೆ ಅಪ್ಪ ಆಕೆಯನ್ನು ಕರೆಸುತ್ತಿದ್ದ. ನಮಗೆಲ್ಲ ಆಕೆ ಅತ್ತಿ. ಹಳೇ ಹಾಸಿನ ಒಂದೊಂದು ಎಳೆಗೂ ಹೊಸ ಎಳೆಯನ್ನು ಹೊಸೆದು ಕೆಚ್ಚುವುದು ಆಕೆಯ ಕಸುಬು. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತಳೆಂದರೆ ಸಾವಿರಾರು ಎಳೆ ಮುಗಿಯುವ ತನಕ ಬಾಯಿಯೂ ನಿಲ್ಲುತ್ತಿರಲಿಲ್ಲ.

ಹೇಳುತ್ತಿದ್ದದ್ದು ಒಂದೇ ಕಥೆ: ಎಲ್ಲೋ ದೂರದ ಆಕಾಶದಲ್ಲಿ ಎರಡು ಸೂರ್ಯರಂತೆ, ಸುತ್ತ ನಾಲ್ಕು ಲೋಕಗಳಂತೆ. ಅಲ್ಲಿಯ ಮಂದಿಗೆ ಎರಡೆರಡು ನೆರಳು. ಆಡುವ ಮಾತು ಒಂದೇ, ಆಳುವ ದೊರೆಗಳು ನಾಲ್ವರು, ಹೀಗಾಗಿ ಬಳಗವೆಲ್ಲ ಹಂಚಿಹೋಗಿತ್ತಂತೆ. ಅತ್ತಿ ಕೆಚ್ಚಿದ ಒಂದೊಂದು ಎಳೆ ಹಿಡಿದು ಒಬ್ಬೊಬ್ಬರು ತಮ್ಮ ಬಳಗದ ಕಡೆಗೆ ದಾಟುತ್ತಿದ್ದರು.

"ಒಬ್ರೂ ಹೊರಗ ಉಳೀಬಾರ್ದವಾ," ಎನ್ನುತ್ತಲೇ ಇರುತ್ತಿದ್ದಳು.

ಕನ್ನಡನಾಡು ಒಂದಾದ ದಿನ ಬೀದಿಯಲ್ಲಿ ಬಾಜಾ ಕೇಳಿಸಿತು. ಅಪ್ಪ ರುಮಾಲು ಸುತ್ತಿಕೊಂಡು ಅತ್ತಿಗೆ, "ಏಳ ತಂಗಿ, ಮೆರವಣಿಗಿ ಬಂತು," ಎಂದ. ಅತ್ತಿಯ ಕೆಲಸ ಮುಗಿದಿತ್ತು, ಆದರೆ ಕೈಯಲ್ಲಿ ಒಂದು ಹೊಸ ಎಳೆ ಉಳಿದಿತ್ತು. ಮಾತಿನ ಭರದಲ್ಲಿ ನಡುವೆ ಒಂದು ಹಳೇ ಎಳೆಯನ್ನು ಬಿಟ್ಟು ಮುಂದೆ ಹೋಗಿದ್ದಳು.

"ಹರದು ಒಗಿ. ಸೀರ್ಯಾಗ ಯಾರಿಗೆ ಕಾಣತೈತಿ?" ಎಂದ ಅಪ್ಪ.

"ನಿಮಗ ಅದು ಎಳಿ ಅಣ್ಣಾರ. ನನಗ ಹೆಣ್ಣಮಗಳು. ಎರಡು ನೆರಳು ಕಟಗೊಂಡು ಒಬ್ಬಾಕಿನ ದಂಡಿಮ್ಯಾಲ ನಿಂತಾಳ."

ಬಿಟ್ಟ ಜಾಗದ ತನಕ ಎಲ್ಲವನ್ನೂ ಬಿಚ್ಚಿ ಮತ್ತೆ ಕೆಚ್ಚತೊಡಗಿದಳು. ಬಾಜಾ ನಮ್ಮ ಬಾಗಿಲು ದಾಟಿ ಗದಗಿನ ಕಡೆ ಹೋಯಿತು. ಅಪ್ಪ ಹೊಸ್ತಿಲಲ್ಲೇ ನಿಂತಿದ್ದ. ಕಡೆಯ ಎಳೆ ಹೊಸೆದು ಅತ್ತಿ ತಲೆಯೆತ್ತಿದಳು.

"ಈಗ ಖರೆ ಒಂದಾತ್ರಿ. ಬಾಜಾದವರನ್ನ ಹೊಳ್ಳಿ ಕರೀರಿ."

ಅಪ್ಪ ಓಡಿದ. ಬಾಜಾ ಹೊಳ್ಳಿ ಬಂತು.