ಲೋ, ಲೋ ಹಾಕೋ

ಗೆಳೆಯನನ್ನು ಕರೆಯುವುದಕ್ಕೂ ನಮ್ಮಲ್ಲಿ ‘ಲೋ’, ಜೀಪನ್ನು ಗುಡ್ಡದಿಂದ ನಿಧಾನವಾಗಿ ಇಳಿಸುವ ಗೇರಿಗೂ ‘ಲೋ’. ಎಂಬತ್ತರ ದಶಕದಲ್ಲಿ ಒಂದೆರಡು ವರ್ಷ ನಾನು ಈ ಎರಡೂ ಲೋಗಳನ್ನು ನಂಬಿಕೊಂಡಿದ್ದೆ. ಎರಡೂ ಒಂದೇ ದಿನ ಕೈಕೊಟ್ಟವು.

ಗೆಳೆಯ ವಿಜಯನಗರದಲ್ಲಿ ನಮ್ಮ ಹಿಂದಿನ ಬೀದಿಯವನು, ಶಾಲೆಯಿಂದ ಜೊತೆಗಿದ್ದವನು. ಅವನಿಗೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸ. ನನಗೆ ವಿಮಾ ಕಚೇರಿಯಲ್ಲಿ, ಅದೂ ವಾಹನ ಅಪಘಾತದ ವಿಭಾಗದಲ್ಲಿ. ಹುಟ್ಟಾ ಪುಕ್ಕಲನನ್ನು ದಿನವಿಡೀ ಜಜ್ಜಿಹೋದ ಲಾರಿಗಳ ಫೋಟೋ ನೋಡಲು ಕೂರಿಸಿದರೆ ಏನಾಗಬೇಕೋ ಅದೇ ಆಗಿತ್ತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೀದಿಯ ಕೊನೆಯಿಂದ ವಾಪಸ್ ಬರುತ್ತಿದ್ದೆ. ನಮ್ಮ ಮನೆಗೆ ಆಗಿನ್ನೂ ಗ್ಯಾಸೇ ಬಂದಿರಲಿಲ್ಲ.

ಇಂಥವನು ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪಿಗೆ ಪಾಲುದಾರನಾದದ್ದು ಗೆಳೆಯನ ಮಾತಿನಿಂದ. ಶ್ರೀಗಂಧದ ಕಾವಲಿನಲ್ಲಿ ಅವನ ಸೋದರಮಾವನ ರಾಗಿಹೊಲದ ಪಕ್ಕ ಒಂದು ತಗಡಿನ ಶೆಡ್ಡಿತ್ತು. ಭಾನುವಾರವೆಲ್ಲ ನಾವಿಬ್ಬರೂ ಅದರೊಳಗೇ. ಮಾಗಡಿ ಆಚೆಯ ಗುಡ್ಡಗಳಿಗೆ ಜೀಪಿನಲ್ಲಿ ಹತ್ತಬೇಕು ಎನ್ನುವುದು ಅವನ ಕನಸು. ಹತ್ತಿದ ಮೇಲೆ ಇಳಿಯಬೇಕಲ್ಲ ಎನ್ನುವುದು ನನ್ನ ಚಿಂತೆ. ನನಗೆ ಏರು ಅಷ್ಟು ಹೆದರಿಕೆಯಲ್ಲ, ಇಳಿಜಾರು ಕಂಡರೆ ಅಂಗೈ ಬೆವರುತ್ತದೆ. ಇದನ್ನು ಅವನೊಬ್ಬನಿಗೇ ಹೇಳಿದ್ದೆ. ಮನೆಯವರಿಗೂ ಹೇಳಿರಲಿಲ್ಲ.

ಜೀಪಿನ ಹಳೇ ಕ್ರೌನ್, ಪಿನಿಯನ್ ಸವೆದು ಊಳಿಡುತ್ತಿದ್ದವು. ಪಿನಿಯನ್ ಎಂದರೆ ಎಂಜಿನ್ ಕಡೆಯಿಂದ ತಿರುಗುವ ಚಿಕ್ಕ ಹಲ್ಲುಗಾಲಿ, ಕ್ರೌನ್ ಎಂದರೆ ಅದು ತಿರುಗಿಸುವ ದೊಡ್ಡದು. ಮುಂದಿನ ಚಕ್ರಗಳಿಗೊಂದು ಜೋಡಿ, ಹಿಂದಿನವಕ್ಕೊಂದು. ಹೊಸದು ಹಾಕಿಸಬೇಕು, ಆದರೆ ಯಾವುದು? ಎಂಟು ಹಲ್ಲಿನ ಪಿನಿಯನ್ನಿಗೆ ನಲವತ್ಮೂರು ಹಲ್ಲಿನ ಕ್ರೌನ್ ಹಾಕಿದರೆ ಗಾಡಿ ನಿಧಾನ, ಆದರೆ ಇಳಿಜಾರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಮೂವತ್ತೊಂಬತ್ತರದ್ದು ಹಾಕಿದರೆ ರಸ್ತೆಯಲ್ಲಿ ಜೋರು, ಗುಡ್ಡದಲ್ಲಿ ಹಿಡಿತ ಕಮ್ಮಿ.

ಬಸವೇಶ್ವರನಗರದ ಹೋಟೆಲೊಂದರಲ್ಲಿ ಬೈಟೂ ಕಾಫಿ ಮುಂದಿಟ್ಟುಕೊಂಡು ನಾವು ಈ ನಾಲ್ಕು ಹಲ್ಲುಗಳಿಗಾಗಿ ಒಂದು ತಿಂಗಳು ಜಗಳವಾಡಿದೆವು.

“ಲೋ, ನಿನ್ ಕ್ರೌನ್ ಹಾಕ್ಸುದ್ರೆ ಮಾಗಡಿ ರೋಡಲ್ಲಿ ಎತ್ತಿನಗಾಡಿಯವನು ಹಾರ್ನ್ ಹೊಡೀತಾನೆ ಕಣೋ.”

“ಹೊಡೀಲಿ ಬಿಡೋ. ದಾರಿ ಬಿಡೋಣ.”

“ಎತ್ತಿನಗಾಡೀಲಿ ಹಾರ್ನ್ ಇರಲ್ಲ ಮಗಾ.”

“ನಮ್ಮನ್ನ ನೋಡಿ ಹಾಕಿಸ್ಕೋತಾನೆ.”

ಅವನು ನಕ್ಕು ಸೋತ. “ಆಯ್ತು ಗುರು. ನಲವತ್ಮೂರೇ, ಮುಂದೆ ಹಿಂದೆ ಎರಡೂ.” ನನ್ನ ಮಾತಿಗೆ ಯಾರಾದರೂ ಸೋತದ್ದು ಅದೇ ಮೊದಲು. ಆ ಸಂತೋಷಕ್ಕೆ ನಾನು ಇಡೀ ಒಂದು ಕಾಫಿ ಹೇಳಿದೆ.

ಎರಡು ಜೋಡಿ ಬಂದವು. ಹಲ್ಲುಗಳನ್ನು ನಾನೇ ಎಣಿಸಿದೆ, ನಂಬಿಕೆ ಸಾಲದೆ ಮತ್ತೆ ಎಣಿಸಿದೆ. ಜೋಡಿಸುವ ವಾರ ಅಕ್ಕನ ಮಗುವಿನ ನಾಮಕರಣಕ್ಕೆ ತುಮಕೂರಿಗೆ ಹೋಗಬೇಕಾಯಿತು. ಬಂದಾಗ ಜೀಪು ಸಿದ್ಧವಾಗಿ ನಿಂತಿತ್ತು.

“ಎರಡೂ ಒಂದೇ ತಾನೇ?” ಎಂದೆ.

“ನೀನು ಹೇಳ್ದಂಗೇ ಕಣೋ.”

ಮಾಗಡಿ ರಸ್ತೆಯಲ್ಲಿ ಜೀಪು ಬಾಣದ ಹಾಗೆ ಹೋಯಿತು. “ಯಾಕೋ ಜೋರಾಗಿದೆಯಲ್ಲೋ” ಎಂದಿದ್ದಕ್ಕೆ “ಹೊಸಾ ಹಲ್ಲು, ಸ್ಮೂತಾಗಿದೆ” ಎಂದ. ಆಮೇಲೆ ಯೋಚಿಸಿದಾಗೆಲ್ಲ ನನಗೆ ನಗು ಬರುವುದು ಇಲ್ಲಿಯೇ. ಆ ವಾರವೆಲ್ಲ ನಾನು ಚಿಂತಿಸಿದ್ದು ರೇಡಿಯೇಟರ್ ಮುಚ್ಚಳದ ಬಗ್ಗೆ, ಹಗ್ಗದ ಬಗ್ಗೆ, ಗುಡ್ಡದಲ್ಲಿ ಜೇನುಹುಳು ಎದ್ದರೆ ಏನು ಗತಿ ಎನ್ನುವುದರ ಬಗ್ಗೆ. ಚಿಂತೆಯೇ ಕಸುಬಾದವನು ಚಿಂತಿಸಬೇಕಾದ ಒಂದೇ ವಿಷಯವನ್ನು ಸ್ಮೂತಾಗಿ ನುಂಗಿಬಿಟ್ಟೆ.

ಗುಡ್ಡಕ್ಕೆ ಹೊರಟ ದಿನ ಹತ್ತಿಸುವುದು ಅವನು, ಇಳಿಸುವುದು ನಾನು ಎಂದು ಒಪ್ಪಂದವಾಗಿತ್ತು. ಹೆದರಿಕೆಯನ್ನು ಕೈಯಲ್ಲೇ ಹಿಡಿದು ನೋಡಬೇಕು ಅನ್ನಿಸಿತ್ತು ನನಗೆ. ಹತ್ತುವಾಗ ಹಿಂದಿನ ಚಕ್ರಗಳು ಮಣ್ಣು ಕೆದರಿ ಜಾರಿದವು.

“ಲೋ, ಲೋ ಹಾಕೋ!” ಎಂದು ಕೂಗಿದೆ.

“ಬೇಡ, ಎಳೀತಿದೆ.”

“ಏನ್ ಎಳೀತಿದೆ? ಜಾರ್ತಾ ಇದೆ ಕಣೋ!”

ಅವನು ಎಂಜಿನ್ನಿನ ಕೂಗಿನಲ್ಲಿ ನನ್ನ ಕೂಗು ಮುಚ್ಚಿ ಹೇಗೋ ಮೇಲೆ ತಂದ.

ಇಳಿಯುವ ಮುಂಚೆ ನಾನು ಸ್ಟೀರಿಂಗಿಗೆ ಬಂದೆ. ಆ ಜೀಪುಗಳಲ್ಲಿ ಮೊದಲು ಮುಂದಿನ ಚಕ್ರಗಳನ್ನು ಜೋಡಿಸಿದರೇ ಲೋ ಬೀಳುವುದು. ಮುಂದಿನ ಚಕ್ರಗಳ ಲಿವರ್ ಎಳೆದೆ. ಲೋ ಲಿವರಿಗೆ ಕೈ ಹಾಕಿದಾಗ ಅವನು ತಟಕ್ಕನೆ ನನ್ನ ಮಣಿಕಟ್ಟು ಹಿಡಿದ. “ಹಾಕ್ಬೇಡ. ಸುಮ್ನೆ ಬ್ರೇಕಲ್ಲಿ ಇಳ್ಸು.” ಪಾಪ, ನನಗಿಂತ ಇವನಿಗೇ ಹೆದರಿಕೆ ಎಂದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರಿಗೆ ಧೈರ್ಯ ಹೇಳಿ, ಲೋ ಹಾಕಿದೆ.

ಸಡಿಲ ಮಣ್ಣಿನ ಮೇಲೆ ಸರಿಯಾಗಿಯೇ ಇಳಿಯಿತು. ಬರೀ ಬಂಡೆ ಸಿಕ್ಕೊಡನೆ ಜೀಪು ನರಳಿತು. ಹಿಂದಿನ ಚಕ್ರಗಳು ನಡಿ ನಡಿ ಎಂದು ತಳ್ಳುತ್ತಿದ್ದರೆ ಮುಂದಿನವು ಬೇಡ ಬೇಡ ಎಂದು ಜಗ್ಗುತ್ತಿದ್ದವು. ಲೋ ತೆಗೆಯೋಣವೆಂದು ಲಿವರ್ ಎಳೆದರೆ ಬರಲೊಲ್ಲದು. ಕೆಳಗೆ ಢಮ್ಮೆಂದು ಏನೋ ಮುರಿಯಿತು. ಎರಡೂ ಕಾಲು ಬ್ರೇಕಿನ ಮೇಲಿಟ್ಟು ನಿಂತೇಬಿಟ್ಟೆ. ಜೀಪು ಒಂದು ಕಲ್ಲಿಗೆ ಒರಗಿ ನಿಂತಿತು.

ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. “ಮುಂದಿಂದು ನೀನು ಹೇಳಿದ್ದೇ ಕಣೋ,” ಎಂದ. “ನೀನು ತುಮಕೂರಿಗೆ ಹೋದಾಗ ಹಿಂದಿಂದು ಮಾತ್ರ ವಾಪಸ್ ಕೊಟ್ಟು ಮೂವತ್ತೊಂಬತ್ತು ಹಾಕಿಸ್ದೆ. ರೋಡಿಗೆ ಹಿಂದಿಂದೇ ತಾನೇ.”

ಮುಂದೊಂದು, ಹಿಂದೊಂದು. ಹಾಗೆ ಹಾಕಿದರೆ ಎರಡರ ವೇಗವೂ ಬೇರೆಬೇರೆ, ನಾಲ್ಕೂ ಚಕ್ರಗಳನ್ನು ಜೋಡಿಸುವಂತಿಲ್ಲ, ಅಂದರೆ ಲೋ ಎನ್ನುವುದೇ ಇಲ್ಲ. ಲಿವರನ್ನು ಮಾತ್ರ ನನ್ನ ಸಮಾಧಾನಕ್ಕೆ ಬಿಟ್ಟಿದ್ದ.

“ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಇನ್ನೊಂದು ತಿಂಗಳು ಜಗಳ ಆಡ್ತಿದ್ದೆ. ಅಲ್ದೆ...” ಅವನು ಸ್ವಲ್ಪ ನಕ್ಕ. “ನೀನೆಲ್ಲಿ ಗುಡ್ಡಕ್ಕೆ ಬರ್ತೀಯ ಅಂತ ಮಗಾ. ಬೆಳಿಗ್ಗೆ ಎದ್ದು ಜ್ವರ ಅಂತೀಯ, ಇಲ್ಲಾ ಹೊಟ್ಟೆನೋವು ಅಂತೀಯ. ಹಂಗನ್ಕೊಂಡೆ.”

ಆ ಬೆಳಿಗ್ಗೆ ನನಗೆ ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತು. ಅವನು ಕಾಯುತ್ತಾನಲ್ಲ ಎಂದು ಬಂದಿದ್ದೆ. ಅವನೊಬ್ಬನಿಗೇ ಹೇಳಿದ ಹೆದರಿಕೆಯ ಮೇಲೆ ಅವನು ಲೆಕ್ಕ ಹಾಕಿ ಜೀಪು ಕಟ್ಟಿಸಿದ್ದ.

“ಇಳೀರಿ,” ಎಂದೆ.

ಬೈಯಬೇಕೆಂದು ಬಾಯಿ ತೆರೆದವನಿಗೆ ಬಂದದ್ದು ಬಹುವಚನ. ಅವನು ತಮಾಷೆ ಎಂದುಕೊಂಡು, “ಓಹೋ, ಇಳೀರಿ ಅಂತೆ!” ಎಂದ. ನಾನು ನಗಲಿಲ್ಲ. ಬಂಡೆಯ ಇಳಿಜಾರನ್ನು ಕೂತು, ಜಾರಿ, ಅಂಗೈ ತರಚಿಕೊಂಡು ಒಬ್ಬನೇ ಇಳಿದೆ. ಹಿಂದಿನಿಂದ “ಲೋ... ಲೋ...” ಎಂದು ಕೇಳಿಸುತ್ತಿತ್ತು. ಕೆಳಗೆ ಬಸ್ಸು ಸಿಗುವವರೆಗೂ ತಿರುಗಿ ನೋಡಲಿಲ್ಲ. ಜೀಪು ಅವನಿಗೇ ಉಳಿಯಿತು.

ಈಗ ನನಗೆ ಐವತ್ತು ದಾಟಿದೆ. ಈಚೆಗೆ ಆರ್‌ಪಿಸಿ ಲೇಔಟಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆಂದು ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ, ಅಭ್ಯಾಸದಂತೆ ಕಂಬಿ ಹಿಡಿದುಕೊಂಡಿದ್ದೆ, ಹಿಂದಿನಿಂದ ಅವನ ದನಿ: “ಲೋ!”

ಗಕ್ಕನೆ ತಿರುಗಿದೆ. ಅವನು ಎಲೆ ಹಿಡಿಯಲು ಓಡುತ್ತಿದ್ದ ತನ್ನ ಮಗನನ್ನು ಕರೆದಿದ್ದ. ನನ್ನನ್ನು ನೋಡಿ ಕೈಮುಗಿದು, “ನಿಮ್ದು ಊಟ ಆಯ್ತಾ?” ಎಂದ.

“ಆಯ್ತು,” ಎಂದೆ. ಆಗಿರಲಿಲ್ಲ.