ಗುಳ್ಳೆ ಸವರುತ್ತಿದ್ದ ಮೇಡಂ

ಮಹಾಪೆಯ ಲ್ಯಾಬಿನಲ್ಲಿ ಶಬ್ದದಿಂದ ನೋಡುವ ಸೂಕ್ಷ್ಮದರ್ಶಕ ನಡೆಸುತ್ತಿದ್ದ ವಿಜಯಪುರದ ಆ ಮೇಡಂ ನನ್ನ ತಾಳ್ಮೆ ಕೆಡಿಸಿದಷ್ಟು ಇನ್ನಾರೂ ಕೆಡಿಸಿಲ್ಲ. ನಮ್ಮ ಕಂಪನಿಯ ಚಿಪ್‌ಗಳನ್ನು ಪರೀಕ್ಷೆಗೆ ಒಯ್ಯುವುದು ನನ್ನ ಕೆಲಸ. ಚಿಪ್ ಅನ್ನು ನೀರಿನಲ್ಲಿ ಮುಳುಗಿಸಿ, ಕಿವಿಗೆ ಕೇಳದ ಶಬ್ದವನ್ನು ಮೇಲಿನಿಂದ ಬಿಟ್ಟು ಕೆಳಗೆ ಹಿಡಿಯುತ್ತಾರೆ. ಒಳಗೆ ಪದರ ಬಿರಿದು ಗಾಳಿ ಸೇರಿದ್ದರೆ ಶಬ್ದ ದಾಟುವುದಿಲ್ಲ, ಪರದೆಯಲ್ಲಿ ಕಪ್ಪು ಬೀಳುತ್ತದೆ. ಹೊರಗೆ ಗಾಳಿಗುಳ್ಳೆ ಅಂಟಿದ್ದರೂ ಅದೇ ಕಪ್ಪು. ಅದಕ್ಕೇ ಆಕೆ ಒಂದೊಂದು ಚಿಪ್ಪನ್ನೂ ಮೆತ್ತನೆಯ ಬ್ರಷ್ಷಿನಿಂದ ಕೂಸಿನ ಬೆನ್ನು ತೊಳೆದಂತೆ ಸವರುತ್ತಿದ್ದರು. ನಾನು ಗಡಿಯಾರ ನೋಡಿದರೆ, "ತಡೀರಿ ಸರ, ಗುಳ್ಳಿ ಹೋಗ್ಲಿ," ಎನ್ನುತ್ತಿದ್ದರು.

ಒಂದು ದಿನ ಭಿವಂಡಿಯ ಗೋದಾಮಿನಲ್ಲಿ ಆಸ್ಪತ್ರೆ ಯಂತ್ರಗಳಿಗೆ ಹೋಗಬೇಕಾದ ನಮ್ಮ ಮಾಲು ಗಾಡಿ ತುಂಬಿ ನಿಂತಿತ್ತು. ಇಲ್ಲಿ ರಿಪೋರ್ಟ್ ಸರಿಯಾದರೆ ಹೊರಡುವುದು. ಅದೇ ಮಾಲಿನಿಂದ ತಂದ ಮಾದರಿ ಚಿಪ್ಪಿನ ಮೂಲೆಯಲ್ಲಿ ಕಪ್ಪು ಕಂಡಿತು.

"ಗುಳ್ಳೆ ಮೇಡಂ, ಸವರಿ," ಎಂದೆ.

ಸವರಿದರು. ಕಪ್ಪು ಹೋಗಲಿಲ್ಲ.

"ಇನ್ನೊಮ್ಮೆ."

"ಇಷ್ಟು ದಿನ ನನ್ನ ಮ್ಯಾಲ ಸಿಟ್ಟಾಗ್ತಿದ್ರಿ, ಇವತ್ತು ನೀವ ಗುಳ್ಳಿ ಹುಡುಕಾಕತ್ತೀರಲ್ರಿ!"

ಹೀಗೆ ಮೂರು ಸಲವೋ ನಾಲ್ಕು ಸಲವೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಕೊನೆಗೆ ಆಕೆ ಚಿಪ್ಪನ್ನು ಸವರಿ, ಅರ್ಧ ಸುತ್ತು ತಿರುಗಿಸಿಟ್ಟರು. ಗುಳ್ಳೆ ಕೆಳಗಿನ ತಟ್ಟೆಗೆ ಅಂಟಿದ್ದರೆ ಕಪ್ಪು ಇದ್ದಲ್ಲೇ ಉಳಿಯಬೇಕಿತ್ತು. ಕಪ್ಪೂ ಅದರ ಜೊತೆಗೇ ತಿರುಗಿ ಎದುರಿನ ಮೂಲೆಗೆ ಹೋಯಿತು.

"ಇದು ಒಳಗಿಂದ ಐತ್ರಿ ಸರ. ಗಾಡಿ ನಿಲ್ಲಸ್ರಿ."

ನಾನು ಏನೆಂದೆನೋ ತಿಳಿಯದು. ಗಾಡಿ ಖಾಲಿ ಮಾಡಿ ಎಂದು ಫೋನಿನಲ್ಲಿ ಹೇಳಿದಾಗ ಡ್ರೈವರ್ ಹಿಂದಿಯಲ್ಲಿ ಬೈದದ್ದು ಮಾತ್ರ ಒಂದಕ್ಷರ ಬಿಡದೆ ನೆನಪಿದೆ.