ಎಣ್ಣೆ ಮುಳ್ಳು ಮಲಗಿದ ಗಾಡಿ

ಎರಡನೇ ಮಹಾಯುದ್ಧದ ಕಾಲ. ಮಧುಗಿರಿಯಲ್ಲಿ ಮೋಟಾರು ಬಿಚ್ಚಿ ಜೋಡಿಸುವವನು ಅಂದರೆ ಆಗ ನಾನೊಬ್ಬನೇ. ಮಿಡ್ಲ್ ಸ್ಕೂಲನ್ನು ಅರ್ಧಕ್ಕೇ ಬಿಟ್ಟವನು ನಾನು, ಆದರೂ ಶಿರಾದಿಂದ, ಪಾವಗಡದಿಂದ ಓದಿಕೊಂಡವರೇ ಹುಡುಕಿಕೊಂಡು ಬರುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಕೊಟ್ಟರೆ, ಒಳಗೆ ಏನು ಸವೆದಿದೆ ಅಂತ ಹೇಳಿಬಿಡುತ್ತಿದ್ದೆ. ಬಹಳ ಸಲ ಅದು ಸರಿಯಾಗಿಯೂ ಇರುತ್ತಿತ್ತು.

ಊರಿನಲ್ಲಿ ಕಡಲೆಕಾಯಿ ವ್ಯಾಪಾರದ ಯಜಮಾನರೊಬ್ಬರಿದ್ದರು. ಹಳೇ ಕಾರೊಂದರ ಹಿಂಭಾಗ ಕೊಯ್ಸಿ, ಹಲಗೆ ಹೊಡೆಸಿ, ಮೂಟೆ ಹೊರುವ ಗಾಡಿ ಮಾಡಿಸಿದ್ದರು. ವೈ.ಎನ್.ಹೊಸಕೋಟೆಯಿಂದ ಅದರಲ್ಲಿ ಕಾಯಿ ತರುತ್ತಿದ್ದ ಡ್ರೈವರು ನನಗಿಂತ ಹತ್ತು ವರ್ಷ ದೊಡ್ಡವನು, ಕಳ್ಳಂಬೆಳ್ಳ ಕಡೆಯ ಕುರಿ ಸಾಕುವ ಮನೆಯವನು. ಅವರ ವಂಶದಲ್ಲಿ ಸ್ಟೇರಿಂಗ್ ಹಿಡಿದವನು ಅವನೊಬ್ಬನೇ.

ಒಂದು ಬೆಳಿಗ್ಗೆ ಗಾಡಿ ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದ.

"ಲೇ ತಮ್ಮ, ಎಣ್ಣೆ ಗೇಜಿನ ಮುಳ್ಳು ನಿಲ್ತಿಲ್ಲ ಕಣ್ಲಾ. ಹೊರಟಾಗ ಚೆನ್ನಾಗೇ ಇರ್ತದೆ, ಪಾವಗಡ ದಾಟೋ ಹೊತ್ಗೆ ಮಲಗಿಬುಡ್ತದೆ. ಎಂಜಿನ್ ಆಫ್ ಮಾಡಿ ಒಂದು ಬೀಡಿ ಸೇದಿ ಹೊರಟ್ರೆ ಮತ್ತೆ ಏಳ್ತದೆ."

"ಮುಳ್ಳಿಗೂ ಬೀಡಿ ಚಟ ಹತ್ತಿಸಿದ್ಯಾ ಅಣ್ಣ?" ಅಂತ ನಕ್ಕೆ.

ಎಣ್ಣೆ ಅಳೆಯುವ ಕಡ್ಡಿ ಎತ್ತಿ ನೋಡಿದೆ, ಎಣ್ಣೆ ಗೆರೆಯ ತನಕ ಇತ್ತು. ಎಣ್ಣೆಯ ಒತ್ತಡ ತೋರಿಸುವ ಗೇಜೇ ಸುಳ್ಳು ಹೇಳುತ್ತಿರಬಹುದು ಅಂತ ಒಂದು ಬಸ್ಸಿನ ಗೇಜು ಕಡ ತಂದು ಕಟ್ಟಿದೆ. ಊರಾಚೆ ಒಂದಷ್ಟು ದೂರ ಓಡಿಸಿದರೆ ಅದರ ಮುಳ್ಳೂ ಮಲಗಿತು. ಆಮೇಲೆ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಕೆಳಗಡೆಯಿಂದ ಟೊಕ್ ಟೊಕ್ ಅಂತ ಕೇಳಿಸಿತು. ಬೇರಿಂಗು ಸವೆದು ಸಂದು ಬಿಟ್ಟಿದೆ, ಎಣ್ಣೆ ಅಲ್ಲಿ ಸೋರಿಹೋಗಿ ಒತ್ತಡ ಬೀಳುತ್ತಿದೆ ಅಂತ ತೀರ್ಮಾನಿಸಿದೆ.

"ಯಾವುದಕ್ಕೂ ಚೇಂಬರ್ ಬಿಚ್ಚಿ ಒಂದ್ಸಲ ನೋಡ್ಬುಡು" ಅಂದ ಅವನು. ಚೇಂಬರು ಅಂದರೆ ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ. ಬಿಚ್ಚಿದರೆ ಅದರ ಕಾರ್ಕ್ ಪಟ್ಟಿ ಹರಿಯುತ್ತದೆ, ಹೊಸದು ತುಮಕೂರಿನಲ್ಲೂ ಸಿಗದ ಕಾಲ. ಅದು ನಿಜವಾದ ಕಾರಣವೇ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು: "ನಿಂಗೆ ಓಡ್ಸೋದು ಗೊತ್ತು, ಅಷ್ಟು ಮಾಡಣ್ಣ."

ಮಧ್ಯಾಹ್ನ ಯಜಮಾನರು ಬಂದರು. "ಏನಪ್ಪಾ, ಗಾಡೀದು ತಪ್ಪೋ ಇವನ್ದು ತಪ್ಪೋ? ಹೇಳ್ಬುಡು. ಇವನನ್ನ ಇಟ್ಕೋಬೇಕೋ ಬೇಡ್ವೋ ನೋಡ್ತೀನಿ."

"ಬೇರಿಂಗ್ ಹೋಗವೆ. ಎಣ್ಣೆ ನೋಡ್ದೆ ಓಡ್ಸಿದ್ರೆ ಹಿಂಗೇ ಆಗೋದು" ಅಂದೆ.

"ದಿನಾ ಕಡ್ಡಿ ಎತ್ತಿ ನೋಡೇ ಹೊರಡೋದು, ಬುದ್ಧಿ" ಅಂದ ಡ್ರೈವರು. ಯಜಮಾನರು ಕೈ ಚಾಚಿದರು. ಅವನು ಕೀ ಕೊಟ್ಟು, ಸೀಟಿನ ಅಡಿಯಿಂದ ತನ್ನ ಟವೆಲ್ಲು ತೆಗೆದುಕೊಂಡು ನಡೆದ.

ಎರಡು ವಾರಕ್ಕೆ ಬೆಂಗಳೂರಿನಿಂದ ಬೇರಿಂಗುಗಳೂ ಕಾರ್ಕ್ ಪಟ್ಟಿಯೂ ಬಂದವು. ಚೇಂಬರ್ ಬಿಚ್ಚಿದೆ. ಹಳೆಯ ಬೇರಿಂಗುಗಳಿಗೆ ಏನೂ ಆಗಿರಲಿಲ್ಲ. ಮೇಲಿನ ವಾಲ್ವಿನ ಸದ್ದು ಕೆಳಗಿಳಿದು ನನ್ನ ಕಿವಿಗೆ ಬಡಿದಿತ್ತು. ಚೇಂಬರಿನ ತಳದಲ್ಲಿ ಮಾತ್ರ ಜಾಲಿ ಮರದ ಅಂಟಿನಂಥ ಹಳದಿ ಗಸಿ ನಿಂತಿತ್ತು, ಎಣ್ಣೆ ಹೀರುವ ಕೊಳವೆಯ ಬಾಯಿಗಿದ್ದ ಜಾಲರಿಗೂ ಒಂದಿಷ್ಟು ಮೆತ್ತಿಕೊಂಡಿತ್ತು.

ನೋಡಿದ ಕೂಡಲೇ ಅದೇನೆಂದು ಗೊತ್ತಾಯಿತು. ಎಂಜಿನ್ ಎಣ್ಣೆಗೆ ತತ್ವಾರ ಬಂದಾಗ ಈ ಗಾಡಿಗೆ ಅರ್ಧಕ್ಕರ್ಧ ಹರಳೆಣ್ಣೆ ಬೆರೆಸಿ ಹುಯ್ದವನು ನಾನೇ. ಅದನ್ನು ಪೇಟೆಯಲ್ಲೆಲ್ಲ ಜಂಬದಿಂದ ಹೇಳಿಕೊಂಡೂ ಬಂದಿದ್ದೆ. ಎರಡೆಣ್ಣೆಯೂ ಹೊಂದದೆ ಗಸಿ ಕಟ್ಟಿತ್ತು. ಎಂಜಿನ್ ಓಡುವಾಗ ಗಸಿ ಜಾಲರಿಗೆ ಅಂಟಿ ದಾರಿ ಮುಚ್ಚುವುದು, ನಿಂತಾಗ ಜಾರಿ ಬೀಳುವುದು. ಬೀಡಿ ಸೇದುವಷ್ಟು ಹೊತ್ತು ಅದಕ್ಕೆ ಸಾಕಿತ್ತು. ಅವನು ಕಾಯಿಲೆಯನ್ನು ಸರಿಯಾಗಿಯೇ ಹೇಳಿದ್ದ.

ಸೀಮೆಎಣ್ಣೆಯಲ್ಲಿ ತೊಳೆದು ಕಟ್ಟಿದೆ. ಮುಳ್ಳು ಎದ್ದು ನಿಂತಿತು. ಹೊಸ ಡ್ರೈವರು ಬಂದು ಗಾಡಿ ತೆಗೆದುಕೊಂಡು ಹೋದ.

ಆ ಭಾನುವಾರ ಸೈಕಲ್ ತುಳಿದುಕೊಂಡು ಕಳ್ಳಂಬೆಳ್ಳಕ್ಕೆ ಹೋದೆ. ಹಳೇ ಡ್ರೈವರು ಕೆರೆಯ ಅಂಗಳದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ. ನಿಂತುಕೊಂಡೇ ಎಲ್ಲಾ ಹೇಳಿದೆ. ನನ್ನ ಕಡೆ ತಿರುಗದೆ ಕೇಳಿಸಿಕೊಂಡ.

"ಇದ್ನ ನಂಗ್ಯಾಕ್ಲಾ ಹೇಳ್ತೀಯ? ನಾನು ಎಣ್ಣೆ ನೋಡ್ತಿದ್ದೆ ಅಂತ ನಂಗೊತ್ತಿಲ್ವಾ? ಯಜಮಾನ್ರಿಗೇಳು ಹೋಗು. ಇಲ್ಲಿ ನಮ್ಮೋರೆಲ್ಲ, ಗಾಡಿ ಹಾಳ್ಮಾಡಿ ಬಂದವ್ನೆ, ಇನ್ ಕುರೀನ ಏನ್ಮಾಡ್ತಾನೋ ಅಂತಾರೆ." ದೂರ ಹೋದ ಕುರಿಯೊಂದನ್ನು ಕೂಗಿ ಕರೆದು, "ಅವ್ರು ಬಾ ಅಂದ್ರೆ ಬತ್ತೀನಿ. ನೀನೇ ಬಂದು ಹೇಳು" ಅಂದ.

ಮಾರನೆಯ ದಿನ ಕಡಲೆಕಾಯಿ ಮಂಡಿಗೆ ಹೋಗಿ ಯಜಮಾನರ ಮುಂದೆ ಒಪ್ಪಿಕೊಂಡೆ. ನನ್ನ ಜನ್ಮದಲ್ಲಿ ಅಂಥ ಮಾತು ಅದೇ ಮೊದಲು. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ತಲೆ ಎತ್ತಿ, "ಈಗ ಮುಳ್ಳು ಸರಿ ನಿಂತದೆ ತಾನೆ? ಈಗಿರೋನು ನಮ್ಮಕ್ಕನ ಮಗ ಕಣಪ್ಪ, ಬುಡು ಅನ್ನಕ್ಕಾಯ್ತದಾ? ಹೋಗ್ಲಿ ಬುಡು, ಕಾಫಿ ಕುಡಿ" ಅಂದರು.

ಕಾಫಿ ಕುಡಿದೆ. ಆ ಉತ್ತರ ಹೊತ್ತುಕೊಂಡು ಕಳ್ಳಂಬೆಳ್ಳಕ್ಕೆ ಹೋಗುವ ಧೈರ್ಯ ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ, ಆಮೇಲೆ ಹೋಗಲೇ ಇಲ್ಲ. ಅವನು ಎಷ್ಟು ದಿನ ದಾರಿ ನೋಡಿದನೋ ನನಗೆ ಗೊತ್ತಿಲ್ಲ.